ಪ್ಲೇಆಫ್ ಪಂಕ್ತಿಗೆ ಏಳನೇ ಎಲೆ ಬೇಕಿತ್ತಾ?

ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳು. ಅರ್ಧ ಎಎಫ್‌ಸಿ ಅನ್ನೋ ಗುಂಪು, ಇನ್ನರ್ಧ ಎನ್‌ಎಫ್‌ಸಿ. 1990ರಿಂದ ಎರಡೂ ಕಡೆಯಿಂದ ಆರಾರು ತಂಡ ಪ್ಲೇಆಫ್‌ಗೆ, ಅಂದರೆ ಸೋತರೆ ಮನೆಗೆ ಹೋಗುವ ಕೊನೆಯ ಸುತ್ತುಗಳಿಗೆ, ಹೋಗುತ್ತಿದ್ದವು. 2020ರಲ್ಲಿ ಅದು ಏಳಾಯಿತು.

ಪರ

2015ರ ನ್ಯೂಯಾರ್ಕ್ ಜೆಟ್ಸ್ ನೆನಪಿದೆಯಾ? 16ರಲ್ಲಿ 10 ಪಂದ್ಯ ಗೆದ್ದ ತಂಡ. ಕೊನೆಯ ಪಂದ್ಯ ಬಫಲೋದಲ್ಲಿ, ಗೆದ್ದರೆ ಸೀದಾ ಒಳಗೆ. ಎದುರಿಗೆ ಕೋಚ್ ಆಗಿ ನಿಂತವರು ಹಿಂದಿನ ಸೀಸನ್‌ವರೆಗೆ ಜೆಟ್ಸ್‌ಗೇ ಕೋಚ್ ಆಗಿದ್ದ ರೆಕ್ಸ್ ರಯಾನ್! ಜೆಟ್ಸ್‌ಗೆ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಫಿಟ್ಜ್‌ಪ್ಯಾಟ್ರಿಕ್ ಕೊನೇ ಕ್ವಾರ್ಟರ್‌ನಲ್ಲಿ ಮೂರು ಸಲ ಚೆಂಡನ್ನು ಎದುರಾಳಿಯ ಕೈಗೇ ಎಸೆದರು, 22-17ರಲ್ಲಿ ಸೋತರು, ಅಷ್ಟೇ ಪಂದ್ಯ ಗೆದ್ದಿದ್ದ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಆರನೇ ಜಾಗ ಹಿಡಿದು ಒಳಗೆ ಹೋಯಿತು. ಜೆಟ್ಸ್ ಏಳನೆಯದು. ಇವತ್ತಾಗಿದ್ದರೆ ಆಡುತ್ತಿತ್ತು. 2010ರ ಸೀಸನ್ ಬಿಟ್ಟರೆ ಆಮೇಲೆ ಪ್ಲೇಆಫ್ ಮುಖವನ್ನೇ ನೋಡದ ತಂಡ ಅದು, ಪಾಪ.

2008ರಲ್ಲಿ ಪೇಟ್ರಿಯಟ್ಸ್ 11 ಗೆದ್ದೂ ಮನೆಗೆ ಹೋಯಿತು. ಅದೇ 2010ರಲ್ಲಿ ಬರೀ ಏಳು ಗೆದ್ದ ಸಿಯಾಟಲ್, ತನ್ನ ಡಿವಿಷನ್‌ನಲ್ಲಿ, ಅಂದರೆ ನಾಲ್ಕು ತಂಡಗಳ ಒಳಗುಂಪಿನಲ್ಲಿ, ಮೊದಲು ಬಂತು ಅನ್ನೋ ಕಾರಣಕ್ಕೆ ಒಳಗೆ ಕೂತಿತು. ಇಂಥ ಲೆಕ್ಕದಲ್ಲಿ ಒಂದು ಎಲೆ ಜಾಸ್ತಿ ಹಾಕಿದರೆ ಯಾರ ಗಂಟು ಹೋಗುತ್ತದೆ? 2023ರ ಸೀಸನ್‌ನಲ್ಲಿ ಏಳನೆಯದಾಗಿ ಬಂದ ಗ್ರೀನ್ ಬೇ ಪ್ಯಾಕರ್ಸ್, ಡಲ್ಲಾಸ್ ಕೌಬಾಯ್ಸ್‌ನ ಮನೆಗೇ ಹೋಗಿ 48-32ರಲ್ಲಿ ಬಾರಿಸಿ ಬಂತು.

ವಿರೋಧ

ಪ್ಯಾಕರ್ಸ್ ಹೆಸರು ಬಂದೇ ಬರುತ್ತದೆ ಅಂತ ಗೊತ್ತಿತ್ತು. ಯಾಕಂದರೆ ಬೇರೆ ಹೆಸರೇ ಇಲ್ಲ! 2020ರಿಂದ 2024ರ ಸೀಸನ್‌ವರೆಗೆ ಏಳನೇ ಜಾಗದಿಂದ ಹತ್ತು ತಂಡ ಬಂದವು, ಗೆದ್ದಿದ್ದು ಅದೊಂದೇ. ಈ ಸುಖಕ್ಕೆ ಎರಡನೇ ಸ್ಥಾನದ ತಂಡ ಏಳನೆಯದರ ಜೊತೆ ಆಡಬೇಕಾಗಿ, ತನಗಿದ್ದ ಒಂದು ವಾರದ ವಿಶ್ರಾಂತಿ ಕಳೆದುಕೊಂಡಿತು. ಗಂಟು ಹೋಗಿದ್ದು ಅದರದ್ದು.

ಇನ್ನು ವರ್ಷಗಟ್ಟಲೆ ಪ್ಲೇಆಫ್ ಕಾಣದ ಬರಗಾಲದ ಮಾತು. ಬಫಲೋ ಬಿಲ್ಸ್ 17 ಸೀಸನ್ ಹೊರಗಿತ್ತು. 2017ರ ಡಿಸೆಂಬರ್ 31ರಂದು, ತಮಗೆ ಏನೂ ಲಾಭವಿಲ್ಲದ ಪಂದ್ಯದಲ್ಲಿ ಸಿನ್ಸಿನಾಟಿಯ ಆಂಡಿ ಡಾಲ್ಟನ್ ಕೊನೇ ನಿಮಿಷದಲ್ಲಿ ಅಂಕ ತರುವ ಟಚ್‌ಡೌನ್ ಎಸೆದು, ಪ್ಲೇಆಫ್ ಪೈಪೋಟಿಯಲ್ಲಿದ್ದ ಬಾಲ್ಟಿಮೋರನ್ನು ಸೋಲಿಸಿದರು, ಬಿಲ್ಸ್ ಒಳಗೆ ಬಂತು, ಖುಷಿಯಲ್ಲಿ ಬಫಲೋ ಜನ ಡಾಲ್ಟನ್ ಅವರ ದತ್ತಿ ಸಂಸ್ಥೆಗೆ ದುಡ್ಡು ಸುರಿದರು. ಅದು ಹಳೇ ನಿಯಮದ ಆರನೇ ಜಾಗ. ಎಲೆಗಳು ಕಡಿಮೆ ಇದ್ದದ್ದಕ್ಕೇ ಆ ರಾತ್ರಿಗೆ ಅಷ್ಟು ರುಚಿ, ಅಲ್ವಾ? ಕ್ಲೀವ್‌ಲ್ಯಾಂಡ್ ಬ್ರೌನ್ಸ್ 2002ರ ನಂತರ ಒಳಗೆ ಬಂದಿದ್ದು 2020ರಲ್ಲಿ. ಹೊಸ ನಿಯಮದ ಪುಣ್ಯ ಅಂತೀರಾ? ಅದೂ ಆರನೆಯದೇ, 11 ಪಂದ್ಯ ಗೆದ್ದು ಬಂದದ್ದು.

ಡೆಟ್ರಾಯಿಟ್ ಲಯನ್ಸ್ ಅಭಿಮಾನಿಗಳನ್ನೂ ಕೇಳಿ. 1992ರ ಜನವರಿಯಲ್ಲಿ ಡಲ್ಲಾಸನ್ನು ಸೋಲಿಸಿದ ಮೇಲೆ ಲಯನ್ಸ್ ಆಡಿದ ಒಂಬತ್ತು ಪ್ಲೇಆಫ್ ಪಂದ್ಯಗಳನ್ನೂ ಸಾಲಾಗಿ ಸೋತಿತು. 2024ರ ಜನವರಿಯಲ್ಲಿ ರ‍್ಯಾಮ್ಸ್ ವಿರುದ್ಧ 24-23ರಲ್ಲಿ ಗೆದ್ದಾಗಲೇ ಉಸಿರು ಬಂದಿದ್ದು. ಬಾಗಿಲು ತೆರೆದೇ ಇತ್ತು, ಒಳಗೆ ಹೋಗಿ ಹೊಡೆತ ತಿಂದು ಬರುತ್ತಿದ್ದರು.

ಜೆಟ್ಸ್‌ಗೆ 2015ರಲ್ಲಿ ಅನ್ಯಾಯವಾಯಿತು, ಒಪ್ಪಿದೆ. ಆದರೆ ಏಳನೇ ಎಲೆ ಹಾಕಿದ 2020ರಲ್ಲೇ ಜೆಟ್ಸ್ ಗೆದ್ದಿದ್ದು ಎರಡೇ ಪಂದ್ಯ.