ಪಾಚಿಯನ್ನು ಸಾಯಿಸಬೇಡಿ, ಅದಕ್ಕೊಂದು ಜಾಗ ಮಾಡಿಕೊಡಿ

ನಿನ್ನೆ ಸಂಜೆಯಿಂದ ತಲೆ ಬಿಸಿಯಾಗಿದೆ. ಬರೆದು ಹಾಕದಿದ್ದರೆ ನಿದ್ದೆ ಬರುವುದಿಲ್ಲ.

ಮೀನಿನ ಊಟ ತರೋಕೆ ಅಂಗಡಿಗೆ ಹೋಗಿದ್ದೆ. ಒಬ್ಬ ಹುಡುಗ, ಹೈಸ್ಕೂಲಿನವನಿರಬೇಕು, ಮೊಬೈಲಿನಲ್ಲಿ ತನ್ನ ಟ್ಯಾಂಕಿನ ಫೋಟೋ ತೋರಿಸುತ್ತಿದ್ದ. ಗಾಜಿನ ತುಂಬ ಹಸಿರು, ಒಳಗೆ ಎರಡು ಗೋಲ್ಡ್‌ಫಿಶ್. "ಅಂಕಲ್, ಎಷ್ಟು ಉಜ್ಜಿದರೂ ಮತ್ತೆ ಬರುತ್ತೆ" ಅಂದ. ಅಂಗಡಿಯವರು ಫೋಟೋ ಸರಿಯಾಗಿ ನೋಡಲೂ ಇಲ್ಲ. ಟ್ಯಾಂಕ್ ಎಷ್ಟು ದೊಡ್ಡದು, ಊಟ ಎಷ್ಟು ಹಾಕ್ತೀಯ, ನೀರು ಯಾವಾಗ ಬದಲಾಯಿಸಿದೆ, ಒಂದೂ ಕೇಳಲಿಲ್ಲ. ಪಾಚಿ ಸಾಯಿಸುವ ಔಷಧಿಯ ಬಾಟಲಿ ತೆಗೆದು ಕೌಂಟರ್ ಮೇಲಿಟ್ಟರು. "ಮೂರು ದಿನ ಹಾಕು, ಕ್ಲೀನ್ ಆಗುತ್ತೆ."

ಹಾಕಬೇಡಪ್ಪ ಅಂದೆ. ಅಂಗಡಿಯವರ ಮುಖ ಗಂಟಿಕ್ಕಿತು. ಹುಡುಗ ನಮ್ಮಿಬ್ಬರನ್ನೂ ನೋಡಿದ, ಮಡಚಿಟ್ಟುಕೊಂಡಿದ್ದ ನೋಟು ತೆಗೆದು ಕೊಟ್ಟು ಬಾಟಲಿ ತಗೊಂಡೇ ಹೋದ.

ನನ್ನ ಟ್ಯಾಂಕ್ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ನನಗೆ ಸಹಿಸೋಕೆ ಆಗದ್ದು ಇದೊಂದೇ. ಹಸಿರು ಕಂಡರೆ ಕೊಲೆ. ಪಾಚಿ ಅಂದರೆ ಕೊಳಕು, ಕೊಳಕು ಅಂದರೆ ಔಷಧಿ. ಯಾಕೆ ಬಂತು ಅಂತ ಯಾರೂ ಕೇಳುವುದಿಲ್ಲ.

ಪಾಚಿ ಬರುವುದು ನಾವು ಹಾಕುವ ಊಟದಿಂದ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಮೀನಿನ ಊಟದಲ್ಲಿ ಶೇಕಡಾ 40ರಷ್ಟು ಪ್ರೋಟೀನ್ ಇದೆ ಅಂದುಕೊಳ್ಳೋಣ. ಪ್ರೋಟೀನಿನಲ್ಲಿ ಸುಮಾರು ಶೇಕಡಾ 16 ಸಾರಜನಕ. ಅಂದರೆ 10 ಗ್ರಾಂ ಊಟದಲ್ಲಿ 0.64 ಗ್ರಾಂ ಸಾರಜನಕ. ಒಂದಷ್ಟು ಮೀನಿನ ಮೈಗೆ ಸೇರುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಕಿವಿರುಗಳಿಂದ ಅಮೋನಿಯಾ ಆಗಿ ನೀರಿಗೆ ಬರುತ್ತದೆ. ಫಿಲ್ಟರ್ ಸ್ಪಂಜಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೈಗೆ ಸೇರಿದ್ದನ್ನು ಲೆಕ್ಕದಿಂದ ಬಿಟ್ಟರೆ, 10 ಗ್ರಾಂ ಊಟ 100 ಲೀಟರ್ ಟ್ಯಾಂಕಿನಲ್ಲಿ ಲೀಟರಿಗೆ 28 ಮಿಲಿಗ್ರಾಂವರೆಗೆ ನೈಟ್ರೇಟ್ ಆಗಬಹುದು. ಜೊತೆಗೆ ಫಾಸ್ಫೇಟ್. ಇವೆಲ್ಲ ಎಲ್ಲಿಗೆ ಹೋಗಬೇಕು? ಬೆಳಕಿದೆ, ನೀರಿದೆ, ಗೊಬ್ಬರ ಇದೆ. ಪಾಚಿ ಬಾರದಿದ್ದರೇ ಆಶ್ಚರ್ಯ.

ಔಷಧಿ ಹಾಕಿದರೆ ಪಾಚಿ ಸಾಯುತ್ತದೆ, ನಿಜ. ಆದರೆ ಅದು ಹೀರಿಕೊಂಡಿದ್ದೆಲ್ಲ ಟ್ಯಾಂಕಿನಲ್ಲೇ ಕೊಳೆತು ವಾಪಸ್ ನೀರಿಗೇ ಬರುತ್ತದೆ. ಕೊಳೆಯುವಾಗ ನೀರಿನ ಆಮ್ಲಜನಕವನ್ನೂ ತಿನ್ನುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿರುತ್ತವೆ. ಬಾಟಲಿಯಲ್ಲಿರುವುದು ತಾಮ್ರದ ಔಷಧಿಯಾದರೆ ಸಿಗಡಿ, ಬಸವನಹುಳುಗಳ ಕಥೆ ಅಲ್ಲಿಗೇ ಮುಗಿಯಿತು. ಸ್ವಲ್ಪ ದಿನ ಬಿಟ್ಟು ಪಾಚಿ ಮತ್ತೆ ಬರುತ್ತದೆ. ಆ ಹುಡುಗ ಮತ್ತೆ ಅದೇ ಅಂಗಡಿಗೆ ಹೋಗುತ್ತಾನೆ.

ಪಾಚಿ ಹೇಗೂ ಬೆಳೆಯುತ್ತದೆ. ಹಾಗಿದ್ದರೆ ಅದು ಎಲ್ಲಿ ಬೆಳೆಯಬೇಕು ಅಂತ ನಾವೇ ಯಾಕೆ ತೀರ್ಮಾನ ಮಾಡಬಾರದು? ಟ್ಯಾಂಕಿನ ಹೊರಗೆ ಅದಕ್ಕೆ ಟ್ಯಾಂಕಿಗಿಂತ ಒಳ್ಳೆ ಬೆಳಕು, ಹಿಡಿದುಕೊಳ್ಳೋಕೆ ಒರಟು ಜಾಗ, ರಭಸದ ನೀರು ಕೊಟ್ಟರೆ ಅದು ಅಲ್ಲೇ ದಟ್ಟವಾಗಿ ಬೆಳೆಯುತ್ತದೆ. ವಾರಕ್ಕೊಮ್ಮೆ ಕಿತ್ತು ಹೊರಗೆ ಹಾಕಿದರಾಯಿತು. ಹೀರಿಕೊಂಡ ನೈಟ್ರೇಟ್, ಫಾಸ್ಫೇಟ್ ಎಲ್ಲ ಅದರ ಜೊತೆಗೇ ಮನೆಯಿಂದ ಆಚೆ. ಇದಕ್ಕೆ ಆಲ್ಗೆ ಸ್ಕ್ರಬ್ಬರ್ ಅನ್ನುತ್ತಾರೆ.

ಇದು ಸುಮ್ನೆ ಮನೆಮದ್ದು ಅಂದುಕೊಳ್ಳಬೇಡಿ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಿಜ್ಞಾನಿ ವಾಲ್ಟರ್ ಏಡಿ ಕೆರಿಬಿಯನ್ ಹವಳದ ದಿಬ್ಬಗಳನ್ನು ನೋಡಿ ಹುಟ್ಟುಹಾಕಿದ ವಿಧಾನ. ಅಲ್ಲಿ ಅಲೆ ಹೊಡೆಯುವ ಜಾಗದಲ್ಲಿ ಗಿಡ್ಡ ಪಾಚಿ ಹುಲ್ಲುಹಾಸಿನ ಹಾಗೆ ಇರುತ್ತದೆ. ಮೀನುಗಳು ಮೇಯುತ್ತಲೇ ಇರುತ್ತವೆ, ಅದು ಚಿಗುರುತ್ತಲೇ ಇರುತ್ತದೆ. ಏಡಿ ಅದನ್ನೇ ಯಂತ್ರ ಮಾಡಿ 1982ರಲ್ಲಿ ಪೇಟೆಂಟ್ ಪಡೆದರು. ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಕ್ವೇರಿಯಂನಲ್ಲೂ ಇದೇ ವಿಧಾನ ಬಳಸಿದರು. ಅಷ್ಟು ದೊಡ್ಡ ಜಾಗದವರೇ ಪಾಚಿಯನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು. ನಾವು ಎರಡಡಿ ಟ್ಯಾಂಕಿಗೆ ವಿಷ ಹಾಕುತ್ತೇವೆ.

ಮನೆಯಲ್ಲಿ ಮಾಡುವುದು ಕಷ್ಟವೇನಲ್ಲ. ಉಲನ್ ದಾರದಲ್ಲಿ ಚಿತ್ರ ಹೊಲಿಯುವ ಪ್ಲಾಸ್ಟಿಕ್ ಕ್ಯಾನ್ವಾಸ್ ಶೀಟ್ ಇರುತ್ತದಲ್ವಾ, ಚೌಕ ಚೌಕ ತೂತುಗಳಿರುವುದು, ಅದೇ ಇದರ ಜೀವಾಳ. ಬೆಂಗಳೂರಿನವರಿಗೆ ಚಿಕ್ಕಪೇಟೆ ಕಡೆ ಸಿಗುತ್ತದೆ. ಹ್ಯಾಕ್ಸಾ ಬ್ಲೇಡಿನಿಂದ ಎರಡೂ ಕಡೆ ಚೆನ್ನಾಗಿ ಗೀರಿ. ಕೈಯಾಡಿಸಿದರೆ ಮುಳ್ಳು ಮುಳ್ಳಾಗಿ ತಾಗಬೇಕು. ನುಣುಪಾಗಿದ್ದರೆ ಪಾಚಿ ಬೇರೂರುವುದಿಲ್ಲ, ಜಾರಿ ಟ್ಯಾಂಕಿಗೇ ಬೀಳುತ್ತದೆ. ಆಮೇಲೆ ಒಂದು ಪಿವಿಸಿ ಪೈಪಿಗೆ ಉದ್ದಕ್ಕೆ 3 ಮಿಲಿಮೀಟರ್ ಅಗಲದ ಸೀಳು ಕೊಯ್ಯಿರಿ, ಒಂದು ತುದಿಗೆ ಎಂಡ್ ಕ್ಯಾಪ್ ಹಾಕಿ. ಶೀಟನ್ನು ಸೀಳಿಗೆ ಸಿಕ್ಕಿಸಿ ಟ್ಯಾಂಕಿನ ಮೇಲೆ ತೂಗುಹಾಕಿ, ಇನ್ನೊಂದು ತುದಿಗೆ ಪಂಪ್ ಜೋಡಿಸಿದರೆ ಟ್ಯಾಂಕಿನ ನೀರು ಶೀಟಿನ ಎರಡೂ ಮೈ ಮೇಲೆ ತೆಳ್ಳಗೆ ಹರಿದು ವಾಪಸ್ ಟ್ಯಾಂಕಿಗೇ ಬೀಳುತ್ತದೆ. ಒಂದಿಂಚು ಅಗಲಕ್ಕೆ ಗಂಟೆಗೆ ಸುಮಾರು 130 ಲೀಟರ್ ಬೇಕು. ಆರಿಂಚು ಶೀಟಿಗೆ ಸುಮಾರು 800 ಲೀಟರ್ ಆಯಿತು. ಪಂಪಿನ ಡಬ್ಬದ ಮೇಲೆ ಬರೆದಿರುವುದನ್ನು ನಂಬಬೇಡಿ, ಮೇಲಕ್ಕೆ ಎತ್ತುವಾಗ ನೀರು ಕಡಿಮೆಯಾಗುತ್ತದೆ. ಒಂದು ಬಕೆಟ್ ಹಿಡಿದು ಅಳೆದು ನೋಡಿ.

ಶೀಟಿನ ಗಾತ್ರವನ್ನು ಟ್ಯಾಂಕಿನ ಲೀಟರ್ ನೋಡಿ ಲೆಕ್ಕ ಹಾಕಬಾರದು, ಊಟ ನೋಡಿ ಹಾಕಬೇಕು. ದಿನಕ್ಕೆ ಫ್ರೋಜನ್ ಊಟದ ಒಂದು ಕ್ಯೂಬ್ ಹಾಕುವವರಿಗೆ, ಎರಡೂ ಕಡೆ ಬೆಳಕು ಬೀಳುವ 12 ಚದರ ಇಂಚು ಸಾಕು. ಬೆಳಕಿಗೆ ಗಿಡ ಬೆಳೆಸುವ ಕೆಂಪು ಎಲ್‌ಇಡಿ, 660 ನ್ಯಾನೊಮೀಟರ್‌ನದು. ಮೊದಲು ದಿನಕ್ಕೆ 9–10 ಗಂಟೆ, ಪಾಚಿ ಹಿಡಿದ ಮೇಲೆ 18 ಗಂಟೆಯವರೆಗೆ. ಟ್ಯಾಂಕಿನ ಲೈಟ್ ಆರಿರುವ ಹೊತ್ತಿನಲ್ಲಿ ಇದು ಉರಿಯುವ ಹಾಗೆ ಟೈಮರ್ ಇಟ್ಟರೆ ರಾತ್ರಿಯೂ ಆಮ್ಲಜನಕ ಸಿಗುತ್ತದೆ, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಜಾಸ್ತಿ ಏರುಪೇರಾಗುವುದಿಲ್ಲ.

ಶುರುವಿನಲ್ಲಿ ಕಂದು ಲೋಳೆ ಬರುತ್ತದೆ. ಹೆದರಬೇಡಿ. ಆಮೇಲೆ ಹಸಿರು ಕೂದಲಿನಂಥದ್ದು. ಕಪ್ಪಾಗಿ ಅಂಟಂಟಾದರೆ ಬೆಳಕು ಕಡಿಮೆ, ಗೊಬ್ಬರ ಜಾಸ್ತಿ. ಹಳದಿಯಾಗಿ ರಬ್ಬರಿನಂತಾದರೆ ಬೆಳಕು ಜಾಸ್ತಿಯಾಗಿದೆ ಅಂತ ಲೆಕ್ಕ.

ಇದನ್ನೆಲ್ಲ ಹೇಳಿದರೆ ತಕ್ಷಣ ಬರುವ ಮಾತು, "ಒಳ್ಳೆ ಕ್ಯಾನಿಸ್ಟರ್ ಫಿಲ್ಟರ್ ತಗೊಂಡರೆ ಮುಗೀತಲ್ವಾ?" ಮುಗಿಯುವುದಿಲ್ಲ. ಕ್ಯಾನಿಸ್ಟರ್ ಅಂದರೆ ಟ್ಯಾಂಕಿನ ಹೊರಗಿಡುವ ಡಬ್ಬದ ಫಿಲ್ಟರ್. ಅದು ಅಮೋನಿಯಾವನ್ನು ನೈಟ್ರೇಟ್ ಮಾಡಿ ಕೈತೊಳೆದುಕೊಳ್ಳುತ್ತದೆ. ಕಸ ಸ್ಪಂಜಿನಲ್ಲಿ ಕೂತೇ ಇರುತ್ತದೆ, ಅದರ ಮೇಲೇ ನೀರು ಹರಿಯುತ್ತಿರುತ್ತದೆ. ಬ್ಯಾಕ್ಟೀರಿಯಾ ಬೇಡ ಅಂತ ನಾನು ಹೇಳುತ್ತಿಲ್ಲ, ನನ್ನ ಟ್ಯಾಂಕಿನಲ್ಲೂ ಸ್ಪಂಜ್ ಇದೆ. ಅದು ಅರ್ಧ ಕೆಲಸ ಅಷ್ಟೇ. ಇನ್ನು, ನೀರು ಬದಲಾಯಿಸಿ ಅನ್ನುತ್ತಾರೆ. ಬದಲಾಯಿಸೋಣ. ಯಾವ ನೀರಿನಿಂದ? ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ದೇಶದ ನಿಯಮ. ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಬೋರ್‌ವೆಲ್ ನೀರು ಆ ಮಿತಿ ದಾಟಿದೆ. ಅಂಥ ನೀರು ಸುರಿದರೆ ಪಾಚಿಗೆ ಗೊಬ್ಬರ ಹಾಕಿದಂತೆಯೇ. ಟ್ಯಾಂಕಿನ ನೀರಿಗೆ ಮನಿಪ್ಲಾಂಟ್ ಬೇರು ಇಳಿಬಿಟ್ಟವರು ಮಾತ್ರ ಸರಿದಾರಿಯಲ್ಲಿದ್ದಾರೆ. ಅದೂ ಇದೇ ತತ್ವ, ಸ್ವಲ್ಪ ನಿಧಾನ.

ಒಂದು ಮಾತು ಹೇಳಿಬಿಡುತ್ತೇನೆ. ಈಗೀಗ ನನಗೆ ಮೀನು ನೋಡುವುದಕ್ಕಿಂತ ಭಾನುವಾರ ಶೀಟ್ ಎತ್ತುವುದೇ ಹೆಚ್ಚು ಖುಷಿ. ಹಿತ್ತಲಿನ ನಲ್ಲಿ ಕೆಳಗೆ ಇಟ್ಟು ಹಳೆಯ ಎಟಿಎಂ ಕಾರ್ಡಿನಲ್ಲಿ ಕೆರೆದರೆ ಹಸಿರು ದಪ್ಪ ಪದರ ಸುರುಳಿ ಸುತ್ತಿಕೊಂಡು ಬರುತ್ತದೆ. ಒದ್ದೆ ಮಣ್ಣಿನ ವಾಸನೆ. ಹಿಂಡಿದರೆ ಒಂದು ಹಿಡಿ. ಅಷ್ಟೂ ನಾನು ಆ ವಾರ ಹಾಕಿದ ಊಟದಿಂದಲೇ ಬಂದದ್ದು, ಮೀನಿನ ಕಿವಿರಿಗೆ ತಾಗದೆ ನನ್ನ ಕೈಯಲ್ಲಿದೆ. ಬುಡ ಮಾತ್ರ ಬಿಡಬೇಕು, ಪೂರ್ತಿ ಕೆರೆದರೆ ಮತ್ತೆ ಚಿಗುರೋಕೆ ತಡವಾಗುತ್ತದೆ. ಕೆರೆದದ್ದು ಕರಿಬೇವಿನ ಗಿಡದ ಬುಡಕ್ಕೆ.

ಬೆಳ್ಳಂದೂರು ಕೆರೆ ನೊರೆ ಉಕ್ಕಿ ರಸ್ತೆಗೆ ಬಂದದ್ದು, ಬೆಂಕಿ ಹೊತ್ತಿಕೊಂಡದ್ದು ನಾವೆಲ್ಲ ನೋಡಿದ್ದೇವೆ. ಅಲ್ಲೂ ನೀರಿಗೆ ಸೇರುತ್ತಿದ್ದದ್ದು ಕೊಳಚೆಯ ಸಾರಜನಕ, ರಂಜಕ. ಅದನ್ನು ಉಂಡು ವಾಟರ್ ಹಯಾಸಿಂತ್ ಕಳೆ ಕೆರೆ ತುಂಬ ಹರಡಿತು. ಕಳೆಯನ್ನು ಕಿತ್ತು ದಡದಿಂದ ದೂರ ಸಾಗಿಸಿದರೆ ಕೆರೆಗೆ ಲಾಭ. ಔಷಧಿ ಹೊಡೆದು ಅಲ್ಲೇ ಕೊಳೆಸಿದರೆ ಬಂದದ್ದು ಅಲ್ಲೇ ಉಳಿಯಿತು. ಗಾಜಿನ ಟ್ಯಾಂಕಿಗೂ ಇದೇ ಲೆಕ್ಕ, ಬೇರೆ ಅಲ್ಲ. ಇಷ್ಟು ಸರಳ ವಿಷಯವನ್ನು ಮೀನು ಮಾರುವವರು ಒಂದು ಮಾತಿನಲ್ಲಿ ಹೇಳಬಹುದಿತ್ತು. ಆ ಹುಡುಗನಿಗೆ "ಊಟ ಕಡಿಮೆ ಹಾಕು" ಅಂತಾದರೂ ಹೇಳಬಹುದಿತ್ತು!

ಮಾಡುವವರಿಗೆ ಕೊನೆಯದಾಗಿ ಕರೆಂಟಿನ ವಿಷಯ. ನೀರಿನ ಪಕ್ಕದಲ್ಲೇ ಲೈಟ್ ಇರುತ್ತದೆ, ಹುಡುಗಾಟ ಬೇಡ. ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇಲ್ಲದ ಲೈನಿಗೆ ಜೋಡಿಸಬೇಡಿ. ವೈರ್ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಇಳಿದು ಮೇಲೆ ಹೋಗಲಿ, ನೀರು ಹರಿದರೂ ಅಲ್ಲೇ ತೊಟ್ಟಿಕ್ಕುತ್ತದೆ. ನನ್ನ ಹತ್ತಿರ ಕ್ಯಾನ್ವಾಸ್ ಶೀಟ್ ಇನ್ನೂ ಉಳಿದಿದೆ. ಬೇಕಾದವರು ಅಳತೆ ಹೇಳಿ, ಕತ್ತರಿಸಿ ಗೀರಿ ಇಟ್ಟಿರುತ್ತೇನೆ. ಭಾನುವಾರ ಬೆಳಗ್ಗೆ ಬಂದರೆ ಕೆರೆದ ಪಾಚಿಯಲ್ಲಿ ಸ್ವಲ್ಪವನ್ನು ಶೀಟಿಗೆ ಉಜ್ಜಿಯೂ ಕೊಡುತ್ತೇನೆ, ಬೇಗ ಹಿಡಿಯುತ್ತದೆ.