ಗುಂಡಿ ಒತ್ತುವ ಮೊದಲು ಗಾಳಿ ನೋಡಿ

ಕಾರಿನ ಟೈರಿನಲ್ಲಿ ಗಾಳಿ ಇಳಿದಾಗ ಉರಿಯುವ ಎಚ್ಚರಿಕೆ ದೀಪ ಆರಬೇಕಾದರೆ ‘ಸೆಟ್’ ಗುಂಡಿಯನ್ನು ಒತ್ತಿ ಹಿಡಿಯಿರಿ ಎಂದಷ್ಟೇ ನಾನು ಓದಿದ ಲೇಖನವೊಂದು ಹೇಳುತ್ತದೆ. ಅಷ್ಟಕ್ಕೇ ನಿಲ್ಲಿಸಿದ್ದು ನನಗೆ ಸ್ವಲ್ಪವೂ ಸರಿಕಾಣಲಿಲ್ಲ. ಎಷ್ಟೋ ಕಾರುಗಳಲ್ಲಿ ಟೈರಿನೊಳಗೆ ಒತ್ತಡ ಅಳೆಯುವ ಸೆನ್ಸರ್ ಇರುವುದೇ ಇಲ್ಲ. ಗಾಳಿ ಇಳಿದ ಚಕ್ರದ ಸುತ್ತಳತೆ ತುಸು ಕುಗ್ಗಿ, ಅದು ಉಳಿದವುಗಳಿಗಿಂತ ವೇಗವಾಗಿ ಸುತ್ತುತ್ತದೆ. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ವ್ಯವಸ್ಥೆಯ ಸೆನ್ಸರ್‌ಗಳು ಆ ವ್ಯತ್ಯಾಸವನ್ನು ಹಿಡಿಯುತ್ತವೆ. ಇಂಥ ಕಾರಿನಲ್ಲಿ ಗುಂಡಿ ಒತ್ತುವುದೆಂದರೆ ‘ಈಗಿರುವ ಗಾಳಿಯೇ ಸರಿ’ ಎಂದು ಒಪ್ಪಿಸಿದಂತೆ. ಗಾಳಿ ತುಂಬಿಸದೆ ಒತ್ತಿದರೆ ದೀಪವೇನೋ ಆರುತ್ತದೆ, ಟೈರು ಮಾತ್ರ ಹಾಗೆಯೇ ಇರುತ್ತದೆ. ಆ ಟೈರಿನಲ್ಲಿ ಮಂಡ್ಯದಿಂದ ಮೈಸೂರಿಗೆ ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೊರಟರೆ ಪಕ್ಕಗೋಡೆ ಕಾದು ಸಿಡಿಯಬಹುದು.

ಬೆಳಿಗ್ಗೆ ಗಾಡಿ ತೆಗೆಯುವ ಮುನ್ನ, ಟೈರು ತಣ್ಣಗಿರುವಾಗಲೇ ಅಳೆಯಿರಿ. ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲು ತೆರೆದರೆ ಕಾಣುವ ಚೀಟಿಯಲ್ಲಿದೆ. ಟೈರಿನ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ, ಅದನ್ನು ನೋಡಿ ತುಂಬಿಸಬೇಡಿ. ನಮ್ಮ ಕಡೆ ಬಂಕಿನ ಹುಡುಗರು ಕೇಳುವುದೇ ಇಲ್ಲ, ಎಲ್ಲ ಕಾರಿಗೂ ಒಂದೇ ಅಳತೆ. ನೀವೇ ಬಾಯಿಬಿಟ್ಟು ಹೇಳಿ.

ತುಂಬಿಸಿದ ಮೇಲೆ ವಾಲ್ವಿನ ಬಾಯಿಗೆ ಒಂದು ಹನಿ ಸೋಪಿನ ನೀರು ಬಿಡಿ; ಗುಳ್ಳೆ ಏಳುತ್ತಿದ್ದರೆ ಒಳಗಿನ ಪಿನ್ ಸೋರುತ್ತಿದೆ. ಇಷ್ಟೆಲ್ಲ ಆದಮೇಲೆ ಗುಂಡಿ. ಬಳಿಕ ಒಂದಷ್ಟು ದೂರ ಓಡಿಸಿದರೇ ಹೊಸ ಅಳತೆ ಕಾರಿನ ವ್ಯವಸ್ಥೆಯಲ್ಲಿ ಕೂರುವುದು.

ಇಗ್ನಿಷನ್ ಹಾಕಿದೊಡನೆ ದೀಪ ಸುಮಾರು ಒಂದು ನಿಮಿಷ ಮಿನುಗಿ ಆಮೇಲೆ ಉರಿಯುತ್ತಲೇ ಇದ್ದರೆ ಅದು ಗಾಳಿಯ ಮಾತಲ್ಲ, ವ್ಯವಸ್ಥೆಯಲ್ಲೇ ದೋಷ. ಮೆಕ್ಯಾನಿಕ್‌ಗೆ ತೋರಿಸಿ.