ಮಲಗಿದರೆ ಮಾತ್ರ ಸಿಗುವ ವಿಮೆ

70 ವರ್ಷ ತುಂಬಿದ ಎಲ್ಲರಿಗೂ, ಅವರ ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಭಾರತ್ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುವ ವ್ಯವಸ್ಥೆ 2024ರ ಅಕ್ಟೋಬರ್ 29ರಂದು ಜಾರಿಗೆ ಬಂದಾಗ ನಾನು ಮನಸಾರೆ ಸಂತೋಷಪಟ್ಟಿದ್ದೆ. ಒಂದು ಆಪರೇಷನ್ನಿಗಾಗಿ ಜಮೀನು ಮಾರುವ ಪಾಡು ಎಷ್ಟೋ ಮನೆಗಳಿಗೆ ಇದರಿಂದ ತಪ್ಪುತ್ತದೆ ಎಂಬ ನಂಬಿಕೆ ನನಗೆ ಇಂದಿಗೂ ಇದೆ.

ಆದರೆ ಈ ಯೋಜನೆ ಹಣ ಕೊಡುವುದು ರೋಗಿ ಆಸ್ಪತ್ರೆಗೆ ದಾಖಲಾದಾಗ ಮಾತ್ರ. ದಾಖಲಾಗುವ ಮುಂಚಿನ 3 ದಿನ ಮತ್ತು ಮನೆಗೆ ಬಂದ ಮೇಲಿನ 15 ದಿನಗಳ ಖರ್ಚು ಅದರಲ್ಲಿ ಸೇರುತ್ತದೆ. 16ನೆಯ ದಿನದಿಂದ ಬಿಪಿ, ಶುಗರ್ ಮಾತ್ರೆ, ರಕ್ತಪರೀಕ್ಷೆ, ಫಿಸಿಯೋಥೆರಪಿ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರ ಸಂಬಳ ಎಲ್ಲವೂ ಮನೆಯವರ ತಲೆಯ ಮೇಲೆಯೇ. ಮುಪ್ಪಿನ ಕಾಯಿಲೆಗಳು ಹೆಚ್ಚಾಗಿ ಹಣ ತಿನ್ನುವುದು ಹೀಗೆ, ತಿಂಗಳು ತಿಂಗಳೂ, ಸದ್ದಿಲ್ಲದೆ.

ನಮ್ಮ ಪಕ್ಕದ ಮನೆಯ ಅಜ್ಜಿ ಬಿಪಿ ಮಾತ್ರೆಯನ್ನು ಬ್ಲೇಡಿನಿಂದ ಎರಡು ಮಾಡಿ, ಅರ್ಧ ನುಂಗಿ, ಉಳಿದರ್ಧವನ್ನು ಮತ್ತೆ ಮಾತ್ರೆ ಪಟ್ಟಿಯ ಅದೇ ಗುಳಿಯೊಳಗಿಟ್ಟು ಬೆಳ್ಳಿಕಾಗದವನ್ನು ಉಗುರಿನಿಂದ ಒತ್ತಿ ಮುಚ್ಚುವುದನ್ನು ಕಣ್ಣಾರೆ ಕಂಡಿದ್ದೇನೆ. ಕೇಳಿದರೆ, "ದಿನಾ ಪೂರ್ತಿ ನುಂಗಿದ್ರೆ ತಿಂಗಳು ಸಾಗೋದಿಲ್ಲಪ್ಪ" ಎಂದರು. ಅವರ ಆಯುಷ್ಮಾನ್ ಕಾರ್ಡು ಮಾತ್ರೆ ಇಡುವ ಡಬ್ಬಿಯ ತಳದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಭದ್ರವಾಗಿತ್ತು. ಈ ಅರ್ಧ ಮಾತ್ರೆಯ ಫಲವಾಗಿ ನಾಳೆ ಅವರಿಗೆ ಲಕ್ವ ಹೊಡೆದರೆ ಸರ್ಕಾರ ಸಾವಿರಾರು ರೂಪಾಯಿ ಕೊಡಲು ಸಿದ್ಧವಿದೆ. ಲಕ್ವ ಹೊಡೆಯದಂತೆ ಕಾಯುವ ಮಾತ್ರೆಗೆ ಈ ವಿಮೆಯಲ್ಲಿ ಒಂದು ರೂಪಾಯಿಯೂ ಇಲ್ಲ. ಕರುಣೆಯ ಮಾತು ಹಾಗಿರಲಿ, ಖಜಾನೆಯ ಲೆಕ್ಕದಲ್ಲಿಯೂ ಇದು ನಷ್ಟವೇ. ಜನರ ಮೇಲಿನ ಹೊರೆಯೂ ಸಣ್ಣದಲ್ಲ: 2021–22ರ ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 39.4ರಷ್ಟನ್ನು ಜನರು ತಮ್ಮ ಕೈಯಿಂದಲೇ ಭರಿಸಿದ್ದಾರೆ.

ಜನೌಷಧಿ ಕೇಂದ್ರಗಳಲ್ಲಿ ಮಾತ್ರೆ ಅಗ್ಗ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಎನ್ನುವವರಿದ್ದಾರೆ. ನಿಜ. ಆದರೆ ಮಂಡಿ ನೋವಿನವರು ಬಸ್ಸು ಹತ್ತಿ ಹೋಗಿ, ಸರದಿಯಲ್ಲಿ ನಿಂತು, "ಸ್ಟಾಕ್ ಇಲ್ಲ" ಎಂಬ ಉತ್ತರ ಕೇಳಿ ಬರಿಗೈಯಲ್ಲಿ ಮರಳುವುದೂ ಅಷ್ಟೇ ನಿಜ. ಬಡ ವೃದ್ಧರ ಪಿಂಚಣಿಯಲ್ಲಿ ಕೇಂದ್ರದ ಪಾಲು 60ರಿಂದ 79 ವರ್ಷದವರಿಗೆ ತಿಂಗಳಿಗೆ 200 ರೂಪಾಯಿ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಇನ್ನು ವಯಸ್ಸಿನ ವಿಚಾರ. 2007ರ ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ 60 ತುಂಬಿದವರೆಲ್ಲ ಹಿರಿಯರು. ಎಲ್ಲರಿಗೂ ಎಂಬ ಈ ವಿಮೆ ಶುರುವಾಗುವುದು ಮಾತ್ರ 70ಕ್ಕೆ. ಅದೂ ಒಂದೇ ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ 70 ದಾಟಿದ್ದರೆ ಆ 5 ಲಕ್ಷವನ್ನು ಇಬ್ಬರೂ ಹಂಚಿಕೊಳ್ಳಬೇಕು.

ಈ 5 ಲಕ್ಷದೊಳಗೇ ಒಂದು ಸಣ್ಣ ಭಾಗವನ್ನು ಹೊರರೋಗಿ ಚಿಕಿತ್ಸೆಗೆ ಮೀಸಲಿಟ್ಟು, ಮನೆಯ ಹತ್ತಿರದ ಔಷಧದಂಗಡಿಯಲ್ಲಿ ಕಾರ್ಡು ತೋರಿಸಿದರೆ ತಿಂಗಳ ಮಾತ್ರೆ ಸಿಗುವಂತೆ ಮಾಡಬೇಕು ಎಂಬುದು ನನ್ನ ಒತ್ತಾಯ.